ಭುಜದೊಳಗಿನ ಅರೆಹರುಕು

ಮನುಷ್ಯನ ದೇಹದಲ್ಲಿ ಭುಜದ ಕೀಲಿನಷ್ಟು ಸಲೀಸಾಗಿ ಎಲ್ಲ ದಿಕ್ಕಿಗೂ ತಿರುಗುವ ಕೀಲು ಇನ್ನೊಂದಿಲ್ಲ. ತೋಳನ್ನು ತಲೆಯ ಮೇಲೆತ್ತಬಹುದು, ಬೆನ್ನ ಹಿಂದೆ ಒಯ್ಯಬಹುದು, ಎದೆಗೆ ಅಡ್ಡಲಾಗಿ ತರಬಹುದು, ಗಾಣದಂತೆ ಸುತ್ತಬಹುದು. ಈ ಸ್ವಾತಂತ್ರ್ಯ ಬಂದಿರುವುದು ಭದ್ರತೆಯನ್ನು ಬಿಟ್ಟುಕೊಟ್ಟು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಬಟ್ಟಲಿನೊಳಗೆ ಕೂತಿರುತ್ತದೆ. ಭುಜದಲ್ಲಿ ಬಟ್ಟಲೇ ಇಲ್ಲ. ಹೆಗಲಮೂಳೆಯ ಅಂಚಿನಲ್ಲಿರುವುದು ಒಂದು ಚಪ್ಪಟೆ ಗುಳಿ, ಅದಕ್ಕೆ ಆತುಕೊಂಡ ತೋಳಮೂಳೆಯ ಗುಂಡು ಅದಕ್ಕಿಂತ ಎಷ್ಟೋ ದೊಡ್ಡದು. ಶಾಲೆಯ ಆಟೋಟದ ದಿನ ಮಕ್ಕಳು ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುತ್ತಾರಲ್ಲ, ಹೆಚ್ಚುಕಡಿಮೆ ಆ ಸ್ಥಿತಿ. ನಿಂಬೆಹಣ್ಣು ಉರುಳಿ ಬೀಳದಂತೆ ಹಿಡಿದಿರುವುದು ಮೂಳೆಯಲ್ಲ, ಅದರ ಸುತ್ತಲಿನ ಮೆದು ಅಂಗಾಂಶ.

ಆ ಹಿಡಿತದ ಮುಖ್ಯ ಭಾಗ ರೋಟೇಟರ್ ಕಫ್. ಹೆಗಲಮೂಳೆಯಿಂದ ಹೊರಡುವ ನಾಲ್ಕು ಸ್ನಾಯುಗಳು ತೋಳಮೂಳೆಯ ಗುಂಡಿನ ಕಡೆ ಬರುತ್ತಾ ಗಟ್ಟಿನಾರಿನ ರಜ್ಜುಗಳಾಗಿ, ಒಂದರೊಡನೊಂದು ಬೆಸೆದುಕೊಂಡು, ಅಂಗಿಯ ತೋಳಿನ ತುದಿಯ ಪಟ್ಟಿ ಮಣಿಕಟ್ಟನ್ನು ಸುತ್ತುವಂತೆ ಗುಂಡನ್ನು ಸುತ್ತಿಕೊಳ್ಳುತ್ತವೆ. ಕಫ್ ಎಂಬ ಹೆಸರು ಬಂದದ್ದು ಅದರಿಂದಲೇ. ಮೇಲುಗಡೆಯದು ಸುಪ್ರಾಸ್ಪೈನೇಟಸ್, ಹಿಂದಿನವು ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದಿನದು ಸಬ್‌ಸ್ಕ್ಯಾಪ್ಯುಲಾರಿಸ್. ತೋಳನ್ನು ಒಳಕ್ಕೆ ಹೊರಕ್ಕೆ ತಿರುಗಿಸುವುದು ಇವುಗಳ ಕೆಲಸ ಎಂದು ಹೆಸರು ಹೇಳುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಹೆಸರಿನಲ್ಲಿಲ್ಲ. ತೋಳನ್ನು ಎತ್ತಲು ಹೊರಗಿನ ದೊಡ್ಡ ಸ್ನಾಯುವಾದ ಡೆಲ್ಟಾಯ್ಡ್ ಎಳೆದಾಗ ಗುಂಡು ಮೇಲಕ್ಕೆ ಜಾರಿ ಮೂಳೆಯ ಸೂರಿಗೆ ತಾಗಬೇಕು. ಹಾಗಾಗದಂತೆ ಗುಂಡನ್ನು ಗುಳಿಯ ನಡುವೆ ಒತ್ತಿ ಹಿಡಿಯುವುದು ಈ ನಾಲ್ವರು. ಸೂರು ಎಂದದ್ದು ಅಕ್ರೋಮಿಯನ್ ಎಂಬ ಹೆಗಲಮೂಳೆಯ ಚಾಚನ್ನು. ಭುಜದ ತುದಿಯನ್ನು ಮುಟ್ಟಿದರೆ ಬೆರಳಿಗೆ ಸಿಗುವ ಗಟ್ಟಿ ಮೂಳೆ ಅದು. ಸೂರಿಗೂ ರಜ್ಜುವಿಗೂ ನಡುವೆ ಬರ್ಸಾ ಎಂಬ ತೆಳುವಾದ ಚೀಲವಿದ್ದು, ತಿಕ್ಕಾಟವನ್ನು ತಗ್ಗಿಸುತ್ತದೆ.

ಹರಿಯುವುದು ಹೆಚ್ಚಾಗಿ ಮೇಲುಗಡೆಯ ಸುಪ್ರಾಸ್ಪೈನೇಟಸ್ ರಜ್ಜು. ಮೂಳೆಗೆ ಅಂಟುವ ಜಾಗದಲ್ಲಿ ಅದರ ದಪ್ಪ ಸುಮಾರು 10ರಿಂದ 12 ಮಿಲಿಮೀಟರ್. ಈ ದಪ್ಪದ ಆಚೆಯಿಂದ ಈಚೆಗೆ ತೂತು ಬಿದ್ದರೆ ಅದು ಪೂರ್ತಿ ಹರುಕು. ದಪ್ಪದ ಒಂದು ಭಾಗವಷ್ಟೇ ಕಿತ್ತು, ಉಳಿದ ಭಾಗ ಮೂಳೆಯನ್ನು ಹಿಡಿದುಕೊಂಡೇ ಇದ್ದರೆ ಅದು ಅರೆಹರುಕು, ಸ್ಕ್ಯಾನ್ ವರದಿಯ ಭಾಷೆಯಲ್ಲಿ ಪಾರ್ಷಿಯಲ್ ಟೇರ್. ಹಳೆಯ ಜಮಖಾನ ಒಂದು ಮಗ್ಗುಲಲ್ಲಿ ಸವೆದು ಎಳೆ ಬಿಟ್ಟಿದ್ದರೂ ಇನ್ನೊಂದು ಮಗ್ಗುಲು ಗಟ್ಟಿಯಾಗಿರುವಂತೆ. ಈ ಸವೆತ ಮೂರು ಕಡೆ ಆಗಬಹುದು: ಕೀಲಿನ ಕಡೆಗಿರುವ ಕೆಳಮುಖದಲ್ಲಿ, ಬರ್ಸಾದ ಕಡೆಗಿರುವ ಮೇಲ್ಮುಖದಲ್ಲಿ, ಇಲ್ಲವೇ ಎರಡೂ ಮುಖ ನೆಟ್ಟಗಿದ್ದು ರಜ್ಜುವಿನ ಹೊಟ್ಟೆಯೊಳಗೆ. ಕೀಲಿನ ಕಡೆಯದೇ ಹೆಚ್ಚು. ಅಲ್ಲಿಯ ನಾರುಗಳು ಮೇಲ್ಮುಖದವುಗಳಷ್ಟು ಗಟ್ಟಿಯಲ್ಲ, ರಕ್ತದ ಹರಿವೂ ಕಡಿಮೆ. ಮೇಲ್ಮುಖದ ಹರುಕು ಅಪರೂಪವಾದರೂ ನೋವು ಕೊಡುವುದರಲ್ಲಿ ಮುಂದು.

ಹರುಕಿನ ಆಳವನ್ನು ಅಳೆಯಲು ವೈದ್ಯರು ಇಂದಿಗೂ ಬಳಸುವುದು ಅಮೆರಿಕದ ಎಲ್‌ಮನ್ 1990ರಲ್ಲಿ ಕೊಟ್ಟ ವಿಂಗಡಣೆಯನ್ನು. 3 ಮಿಲಿಮೀಟರಿಗಿಂತ ಕಡಿಮೆ ಆಳದ್ದು ಒಂದನೆಯ ದರ್ಜೆ, 3ರಿಂದ 6ರವರೆಗಿನದು ಎರಡನೆಯದು, 6ನ್ನು ಮೀರಿದರೆ ಮೂರನೆಯದು. ಆರು ಎಂಬ ಗಡಿ ಎಲ್ಲಿಂದಲೋ ಬಂದದ್ದಲ್ಲ. ಹನ್ನೆರಡು ಮಿಲಿಮೀಟರ್ ದಪ್ಪದ ರಜ್ಜುವಿನಲ್ಲಿ ಅದು ಸರಿಯಾಗಿ ಅರ್ಧ. ಅರ್ಧಕ್ಕಿಂತ ಹೆಚ್ಚು ಹರಿದಿದೆಯೇ ಇಲ್ಲವೇ ಎಂಬ ಪ್ರಶ್ನೆ ಚಿಕಿತ್ಸೆಯ ಮಾತು ಬಂದಾಗ ಮತ್ತೆ ಎದುರಾಗುತ್ತದೆ.

ರಜ್ಜು ಏಕೆ ಹರಿಯುತ್ತದೆ ಎಂಬ ಬಗ್ಗೆ ವೈದ್ಯಲೋಕದಲ್ಲಿ ಹಳೆಯ ತಕರಾರೊಂದಿದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದು, ರಜ್ಜು ತನ್ನೊಳಗಿನ ಸವಕಳಿಯಿಂದ, ಕೀಲಿನ ಕಡೆಯ ಅಂಚಿನಲ್ಲಿ ಮೊದಲು ಬಿರಿಯುತ್ತದೆ ಎಂದ. 1972ರಲ್ಲಿ ಚಾರ್ಲ್ಸ್ ನೀರ್ ಬೇರೆ ಮಾತು ಹೇಳಿದರು: ತೋಳು ಎತ್ತುವಾಗೆಲ್ಲ ರಜ್ಜು ಮೇಲಿನ ಸೂರಿಗೆ ಉಜ್ಜುತ್ತದೆ, ಸೂರಿನ ಕೆಳಗೆ ಮೂಳೆಯ ಮೊನೆ ಬೆಳೆದಿದ್ದರೆ ಇನ್ನೂ ಉಜ್ಜುತ್ತದೆ, ಹಾಗೆ ತಿಕ್ಕಿ ತಿಕ್ಕಿ ಹರಿಯುತ್ತದೆ. ನೀರ್ ಹೇಳಿದ್ದು ಕಣ್ಣಿಗೆ ಕಟ್ಟುವಂತಿತ್ತು, ಪರಿಹಾರವೂ ಸರಳವಾಗಿತ್ತು. ಸೂರನ್ನು ಕೆತ್ತಿ ತೆಳು ಮಾಡಿದರಾಯಿತು. ಲೋಕದಾದ್ಯಂತ ಲಕ್ಷಾಂತರ ಭುಜಗಳಲ್ಲಿ ಸೂರು ಕೆತ್ತಲಾಯಿತು. ಆದರೆ ಹೆಚ್ಚಿನ ಹರುಕುಗಳು ಸೂರಿಗೆ ತಾಗುವ ಮೇಲ್ಮುಖದಲ್ಲಲ್ಲ, ತಾಗದ ಕೆಳಮುಖದಲ್ಲಿ ಇರುವುದೇಕೆ ಎಂಬ ಪ್ರಶ್ನೆಗೆ ಈ ವಿವರಣೆ ಉತ್ತರ ಕೊಡುವುದಿಲ್ಲ. ಇಂದು ತಕ್ಕಡಿ ಬಹುಮಟ್ಟಿಗೆ ಕಾಡ್‌ಮನ್ನನ ಕಡೆಗೆ ವಾಲಿದೆ. ವಯಸ್ಸು, ರಕ್ತದ ಕೊರತೆ, ಮರುಕಳಿಸುವ ದುಡಿತ ಇವು ಒಳಗಿನಿಂದ ರಜ್ಜುವನ್ನು ಬಡವಾಗಿಸುತ್ತವೆ, ತಿಕ್ಕಾಟ ಅದಕ್ಕೆ ಸೇರಿಕೊಳ್ಳುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ಸವಕಳಿ ಹೆಚ್ಚು.

ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ದುಡಿಯುವವರು ಈ ತೊಂದರೆಯ ಮುಂಚೂಣಿಯಲ್ಲಿರುತ್ತಾರೆ. ಗೋಡೆಗೆ ಬಣ್ಣ ಬಳಿಯುವವರು, ಚಾವಣಿಗೆ ಗಾರೆ ಮೆತ್ತುವವರು, ತಂತಿ ಎಳೆಯುವ ವಿದ್ಯುತ್ ಕೆಲಸಗಾರರು ಇದರಲ್ಲಿ ಸೇರಿದ್ದಾರೆ. ಮಲೆನಾಡು ಕರಾವಳಿಯ ಅಡಿಕೆ ತೋಟಗಳಲ್ಲಿ ಈಗ ಮರ ಹತ್ತುವ ಬದಲು ನೆಲದ ಮೇಲೆ ನಿಂತೇ ಫೈಬರ್ ದೋಟಿಯಿಂದ ಕೊನೆ ಕೊಯ್ಯುವ, ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ಬಂದಿದೆ. ಮರದಿಂದ ಬೀಳುವ ಅಪಾಯ ತಪ್ಪಿತು, ನಿಜ. ಆದರೆ ಉದ್ದನೆಯ ದೋಟಿಯನ್ನು ಕತ್ತೆತ್ತಿ, ತೋಳೆತ್ತಿ ದಿನವಿಡೀ ಹಿಡಿಯುವ ಭಾರ ಬೀಳುವುದು ಇದೇ ನಾಲ್ಕು ಸ್ನಾಯುಗಳ ಮೇಲೆ. ಕ್ರೀಡಾಪಟುಗಳ ಕತೆ ಸ್ವಲ್ಪ ಬೇರೆ. ವೇಗದ ಬೌಲರ್, ಈಜುಗಾರ, ಸ್ಮ್ಯಾಶ್ ಹೊಡೆಯುವ ಬ್ಯಾಡ್ಮಿಂಟನ್ ಆಟಗಾರ, ಬೌಂಡರಿಯಿಂದ ಚೆಂಡೆಸೆಯುವ ಫೀಲ್ಡರ್ ಇವರ ತೋಳು ಹಿಂದಕ್ಕೆ ಬಾಗಿ ಹೊರಕ್ಕೆ ತಿರುಗಿದ ತುತ್ತತುದಿಯ ಗಳಿಗೆಯಲ್ಲಿ ರಜ್ಜುವಿನ ಕೆಳಮುಖ ತೋಳಮೂಳೆಗೂ ಗುಳಿಯ ಹಿಂಬದಿಯ ಅಂಚಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತರ ಹರೆಯದ ಆಟಗಾರನಿಗೆ ಅರೆಹರುಕು ಬಂದರೆ ಕಾರಣ ಸಾಮಾನ್ಯವಾಗಿ ಇದು. ಇನ್ನು ಬೈಕಿನಿಂದ ಬಿದ್ದು ಕೈಯೂರಿದಾಗ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದಿದ್ದವರು ಬ್ರೇಕಿನ ಏಟಿಗೆ ಜಗ್ಗಿದಾಗ ಒಮ್ಮೆಲೇ ಹರಿಯುವುದೂ ಉಂಟು.

ಅರೆಹರುಕಿನ ನೋವಿಗೆ ಒಂದು ವಿಳಾಸವಿದೆ, ಮತ್ತು ಅದು ತಪ್ಪು ವಿಳಾಸ. ಹರಿದಿರುವುದು ಭುಜದ ತುದಿಯ ಮೂಳೆಯ ಕೆಳಗೆ, ನೋಯುವುದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ ತೋಳಿನ ಹೊರಮೈಯಲ್ಲಿ. ಎಲ್ಲಿ ನೋವು ಎಂದು ಕೇಳಿದರೆ ಇಂಥವರು ಒಂದು ಬೆರಳಿಟ್ಟು ತೋರಿಸುವುದಿಲ್ಲ. ಇನ್ನೊಂದು ಕೈಯ ಅಂಗೈಯನ್ನೇ ತೋಳಿನ ಮೇಲ್ಭಾಗಕ್ಕೆ ಹಾಕಿ ಸವರಿಕೊಳ್ಳುತ್ತಾರೆ. ಒಂದೇ ಬೆರಳಿನಿಂದ ಭುಜದ ನೆತ್ತಿಯನ್ನು ತೋರಿಸುವವರ ತೊಂದರೆ ಬಹುಶಃ ಕಾಲರ್ ಮೂಳೆ ಅಕ್ರೋಮಿಯನ್‌ಗೆ ಸೇರುವ ಸಣ್ಣ ಕೀಲಿನದು. ನೋವು ಮೊಣಕೈಯನ್ನು ದಾಟಿ ಕೆಳಗಿಳಿಯುವುದು ಅಪರೂಪ. ರಾತ್ರಿ ಅದು ಹೆಚ್ಚುತ್ತದೆ, ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ಹಗಲಿನಲ್ಲಿ ತೋಳು ಇಳಿಬಿಟ್ಟಿರುವಾಗ ಏನೂ ಇಲ್ಲ. ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದಾಗ, ತಂತಿಯ ಮೇಲೆ ಒದ್ದೆ ಸೀರೆ ಎಸೆದಾಗ, ಕಾರಿನ ಹಿಂದಿನ ಸೀಟಿನಿಂದ ಚೀಲ ಎಳೆದುಕೊಳ್ಳುವಾಗ, ಬೆನ್ನ ಹಿಂದಿನ ಹುಕ್ ಹಾಕಿಕೊಳ್ಳುವಾಗ ಚುಳ್ಳೆನ್ನುತ್ತದೆ. ತೋಳನ್ನು ಪಕ್ಕದಿಂದ ನಿಧಾನವಾಗಿ ಎತ್ತಿದರೆ ಮೊದಮೊದಲು ನೋವಿಲ್ಲ, ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯ ನಡುವೆ ಹಿಡಿಯುತ್ತದೆ, ಅದನ್ನು ದಾಟಿದರೆ ಮತ್ತೆ ಸಲೀಸು. ನೋವಿನ ಈ ಕಮಾನು ರೋಟೇಟರ್ ಕಫ್ ತೊಂದರೆಯ ಹಳೆಯ ಗುರುತು.

ಭುಜ ನೋಯುವುದೆಲ್ಲ ಭುಜದ್ದಲ್ಲ. ಕತ್ತಿನ ನರ ಒತ್ತಿಕೊಂಡಿದ್ದರೆ ನೋವು ಮೊಣಕೈ ದಾಟಿ ಬೆರಳಿನವರೆಗೆ ಇಳಿಯುತ್ತದೆ, ಜೋಮು ಹಿಡಿಯುತ್ತದೆ. ಅಂಥವರಿಗೆ ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಆರಾಮ, ರಜ್ಜು ಹರಿದವರಿಗೆ ಅದೇ ಭಂಗಿ ಹಿಂಸೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡಭುಜ ನೋಯುತ್ತಿದ್ದು, ನಿಂತರೆ ಕಡಿಮೆಯಾಗುತ್ತಿದ್ದರೆ, ಜೊತೆಗೆ ಬೆವರು, ಉಬ್ಬಸ, ಎದೆ ಹಿಡಿದಂತಿದ್ದರೆ ಅದು ಮೂಳೆ ವೈದ್ಯರ ಪಾಲಿನದಲ್ಲ. ತಡಮಾಡದೆ ಹೃದಯದ ತಪಾಸಣೆಗೆ ಹೋಗಬೇಕಾದದ್ದು.

ಎಲ್ಲಕ್ಕಿಂತ ಹೆಚ್ಚಾಗಿ ಅರೆಹರುಕಿನೊಡನೆ ಕಲಸಿಹೋಗುವುದು ಫ್ರೋಜನ್ ಶೋಲ್ಡರ್, ಅಂದರೆ ಕೀಲಿನ ಹೊದಿಕೆ ಬಿಗಿದು ಭುಜ ಸೆಟೆದುಕೊಳ್ಳುವುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಆದ್ದರಿಂದ ನಮ್ಮಲ್ಲಿ ಮನೆಮನೆಯ ಮಾತು. ಎರಡನ್ನೂ ಬೇರ್ಪಡಿಸಲು ಯಂತ್ರ ಬೇಡ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಸಮಕೋನಕ್ಕೆ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಬೇಕು. ರಜ್ಜು ಅರ್ಧ ಹರಿದಿದ್ದರೆ ತಾನಾಗಿ ತಿರುಗಿಸುವಾಗ ನೋಯಬಹುದು, ಆದರೆ ಇನ್ನೊಬ್ಬರು ಹಿಡಿದು ತಿರುಗಿಸಿದರೆ ಕೈ ಬಹುಮಟ್ಟಿಗೆ ಪೂರ್ತಿ ಹೋಗುತ್ತದೆ. ಸೆಟೆದ ಭುಜ ಯಾರು ತಿರುಗಿಸಿದರೂ ಅರ್ಧಕ್ಕೇ ನಿಲ್ಲುತ್ತದೆ, ತುಕ್ಕು ಹಿಡಿದ ಕೀಲಿನ ಹಾಗೆ. ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡದೆ ನೇರವಾಗಿ ಸ್ಕ್ಯಾನಿಗೆ ಬರೆದುಕೊಡುವವರು ಆತುರದ ವೈದ್ಯರು.

ಪರೀಕ್ಷೆ ಮಾಡುವ ವೈದ್ಯರು ಅಂಗಿ ಬಿಚ್ಚಿಸಿ ಮೊದಲು ಹಿಂದಿನಿಂದ ನೋಡುತ್ತಾರೆ. ಹೆಗಲಮೂಳೆಯ ಮೇಲಿನ, ಕೆಳಗಿನ ಗುಣಿಗಳಲ್ಲಿ ಸ್ನಾಯು ಸೊರಗಿ ಹಳ್ಳ ಬಿದ್ದಿದ್ದರೆ ತೊಂದರೆ ಹಳೆಯದು ಮತ್ತು ದೊಡ್ಡದು. ಅರೆಹರುಕಿನಲ್ಲಿ ಹಾಗೆ ಬತ್ತುವುದು ಅಪರೂಪ. ಆಮೇಲೆ ಒಂದೊಂದು ಸ್ನಾಯುವಿಗೆ ಒಂದೊಂದು ಪರೀಕ್ಷೆ. ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಸ್ವಲ್ಪ ಮುಂದಕ್ಕೆ ತಂದು, ತಂಬಿಗೆಯ ನೀರು ಚೆಲ್ಲುವಂತೆ ಹೆಬ್ಬೆರಳು ನೆಲ ನೋಡುವ ಹಾಗೆ ತಿರುಗಿಸಿ, ಮೇಲಿನಿಂದ ಒತ್ತುವ ವೈದ್ಯರ ಕೈಗೆ ಎದುರು ನಿಲ್ಲಬೇಕು. ಇದು ಸುಪ್ರಾಸ್ಪೈನೇಟಸ್‌ನ ಪರೀಕ್ಷೆ. ಹಿಂಗೈಯನ್ನು ಸೊಂಟದ ಹಿಂದೆ ಇಟ್ಟು ಅಲ್ಲಿಂದ ಹಿಂದಕ್ಕೆ ಎತ್ತಲಾಗದಿದ್ದರೆ ಸಬ್‌ಸ್ಕ್ಯಾಪ್ಯುಲಾರಿಸ್ ಮೇಲೆ ಅನುಮಾನ. ಇವುಗಳಲ್ಲಿ ಯಾವ ಒಂದು ಪರೀಕ್ಷೆಯೂ ಅರೆಹರುಕನ್ನು ಬರಿಯ ಊತದಿಂದ ಖಚಿತವಾಗಿ ಬೇರ್ಪಡಿಸುವುದಿಲ್ಲ. ನಾಲ್ಕಾರು ಪರೀಕ್ಷೆಗಳು ಒಂದೇ ಕಡೆ ಬೆರಳು ತೋರಿಸಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತೋಳು ಸೋಲುವುದು ಎರಡು ಕಾರಣಕ್ಕೆ: ರಜ್ಜು ನಿಜವಾಗಿ ಕಡಿದದ್ದರಿಂದ ಬಲ ಹೋಗಿರಬಹುದು, ಅಥವಾ ನೋವಿಗೆ ಹೆದರಿ ಸ್ನಾಯು ಕೈಬಿಡುತ್ತಿರಬಹುದು. ಅಕ್ರೋಮಿಯನ್‌ನ ಕೆಳಗೆ ಮರಗಟ್ಟಿಸುವ ಮದ್ದನ್ನು ಚುಚ್ಚಿ ಕೆಲವು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ನೋವು ಹೋಗಿ ಬಲ ಮರಳಿದರೆ ರಜ್ಜುವಿನ ಬಹುಭಾಗ ಗಟ್ಟಿಯಾಗಿದೆ. ನೋವು ಹೋಗಿಯೂ ತೋಳು ಏಳದಿದ್ದರೆ ಅದು ಅರೆಹರುಕಲ್ಲ, ಪೂರ್ತಿ ಹರುಕಾಗಿರಬಹುದು.

ಎಕ್ಸ್‌-ರೇಯಲ್ಲಿ ರಜ್ಜು ಕಾಣುವುದಿಲ್ಲ. ಆದರೂ ಅದನ್ನು ತೆಗೆಸುವುದು ಸುಣ್ಣ ಕಟ್ಟಿದ ರಜ್ಜು, ಕೀಲುಸವೆತ, ಮೂಳೆಯ ಗಡ್ಡೆ ಇಂಥವನ್ನು ತಳ್ಳಿಹಾಕಲು. ಅಲ್ಟ್ರಾಸೌಂಡ್ ಅಗ್ಗದ್ದು, ತೋಳನ್ನು ಆಡಿಸುತ್ತಲೇ ನೋಡಬಹುದು. ಅದರ ಗುಣಮಟ್ಟವೆಲ್ಲ ನೋಡುವವರ ಕೈಯಲ್ಲಿದೆ. ಭುಜವನ್ನು ನೋಡಿ ಪಳಗಿದ ರೇಡಿಯಾಲಜಿಸ್ಟ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಎಂಆರ್‌ಐ ಪೂರ್ತಿ ಹರುಕನ್ನು ಹಿಡಿಯುವುದರಲ್ಲಿ ಪಕ್ಕಾ, ಅರೆಹರುಕಿನಲ್ಲಿ ಅಷ್ಟು ಪಕ್ಕಾ ಅಲ್ಲ. ಸವೆದು ಊದಿದ ರಜ್ಜುವೂ ಸ್ವಲ್ಪ ಹರಿದ ರಜ್ಜುವೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಬಿಳುಪಾಗಿ ಕಾಣುತ್ತವೆ. ಸಾಲದ್ದಕ್ಕೆ, ಆರೋಗ್ಯವಂತ ರಜ್ಜು ಕೂಡ ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಲ್ಲಿದ್ದರೆ ಕೆಲವು ಚಿತ್ರಗಳಲ್ಲಿ ಬೆಳ್ಳಗೆ ಹೊಳೆದು ಹರುಕಿನ ಭ್ರಮೆ ಹುಟ್ಟಿಸುತ್ತದೆ, ಸುಪ್ರಾಸ್ಪೈನೇಟಸ್ ಬಾಗುವುದು ಹೆಚ್ಚುಕಡಿಮೆ ಆ ಓರೆಯಲ್ಲೇ. ಕೀಲಿನೊಳಗೆ ಕಾಂಟ್ರಾಸ್ಟ್ ದ್ರವ ಚುಚ್ಚಿ ತೆಗೆದ ಎಂಆರ್‌ಐ ಕೆಳಮುಖದ ಹರುಕನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಎಲ್ಲರಿಗೂ ಅದರ ಅಗತ್ಯವಿಲ್ಲ.

ಎಂಆರ್‌ಐ ವರದಿ ಕೈಗೆ ಬಂದವರು ಮೊದಲು ತಿಳಿಯಬೇಕಾದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಭುಜದಲ್ಲಿ ಯಾವ ನೋವೂ ಇಲ್ಲದ 96 ಜನರನ್ನು ಅಮೆರಿಕದ ಶೆರ್ ಮತ್ತು ಸಂಗಡಿಗರು ಎಂಆರ್‌ಐಗೆ ಒಳಪಡಿಸಿದರು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಶೇ. 24ರಷ್ಟು ಮಂದಿಗೆ ಅರೆಹರುಕು ಇತ್ತು. ಅರವತ್ತು ದಾಟಿದವರಲ್ಲಿ ಶೇ. 26ರಷ್ಟು ಮಂದಿಗೆ ಅರೆಹರುಕು, ಇನ್ನೂ ಶೇ. 28ರಷ್ಟು ಮಂದಿಗೆ ಪೂರ್ತಿ ಹರುಕೇ ಇತ್ತು. ಇವರೆಲ್ಲ ಉಂಡು ತಿಂದು, ಕೆಲಸ ಮಾಡಿಕೊಂಡು, ಭುಜದ ಪರಿವೆಯೇ ಇಲ್ಲದೆ ಇದ್ದವರು. ಅಂದಮೇಲೆ ಐವತ್ತೈದರವರ ವರದಿಯಲ್ಲಿ ಪಾರ್ಷಿಯಲ್ ಟೇರ್ ಎಂದಿದ್ದರೆ ಅದು ತಲೆಯ ನರೆಗೂದಲಿನ ಹಾಗೆ ವಯಸ್ಸಿನ ಗುರುತಷ್ಟೇ ಆಗಿರಬಹುದು, ನೋವಿನ ಮೂಲ ಬೇರೆಯೇ ಇರಬಹುದು. ಹರಿದಿದೆ ಎಂಬ ಮಾತಿಗೆ ಬೆದರಿ ತೋಳನ್ನು ಕೊರಳಿಗೆ ಕಟ್ಟಿಕೊಂಡು ಕೂತವರ ಭುಜ ಹರುಕಿನಿಂದ ಕೆಟ್ಟದ್ದಕ್ಕಿಂತ ಕೂತು ಸೆಟೆದು ಕೆಟ್ಟದ್ದೇ ಹೆಚ್ಚು. ತೋಳು ಹೇಳುವುದಕ್ಕೂ ಚಿತ್ರ ಹೇಳುವುದಕ್ಕೂ ತಾಳೆಯಾದಾಗ ಮಾತ್ರ ಹರುಕಿಗೆ ಚಿಕಿತ್ಸೆ.

ಆ ಚಿಕಿತ್ಸೆಯ ಬೆನ್ನೆಲುಬು ವ್ಯಾಯಾಮ. ಹರಿದ ಎಳೆಗಳು ವ್ಯಾಯಾಮದಿಂದ ಮತ್ತೆ ಹೆಣೆದುಕೊಳ್ಳುತ್ತವೆಯೇ ಎಂದರೆ ಹೆಚ್ಚಾಗಿ ಇಲ್ಲ. ಅರೆಹರುಕು ತಾನಾಗಿ ಕೂಡಿಕೊಳ್ಳುವುದು ಅಪರೂಪ, ಕೆಲವರಲ್ಲಿ ವರ್ಷಗಳು ಹೋದಂತೆ ಅದು ದೊಡ್ಡದಾಗುವುದೂ ಉಂಟು. ಆದರೆ ನೋವು ಹರುಕಿನ ಅಳತೆಗೆ ತಕ್ಕಂತೆ ಇರುವುದಿಲ್ಲ. ಉಳಿದ ಎಳೆಗಳು, ಪಕ್ಕದ ಮೂರು ಸ್ನಾಯುಗಳು, ಹೆಗಲಮೂಳೆಯನ್ನು ಹಿಡಿದಿರುವ ಬೆನ್ನಿನ ಸ್ನಾಯುಗಳು ಬಲಗೊಂಡರೆ ಗುಂಡು ಮತ್ತೆ ಗುಳಿಯ ನಡುವೆ ನಿಲ್ಲುತ್ತದೆ, ನೋವು ಇಳಿಯುತ್ತದೆ. ಬೀಳದೆ ಏಟಾಗದೆ ಪೂರ್ತಿ ಹರಿದ ಭುಜಗಳ ಮೇಲೇ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫಿಸಿಯೋಥೆರಪಿಯಿಂದ ಆರಂಭಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಎರಡು ವರ್ಷದ ಕೊನೆಗೂ ಶಸ್ತ್ರಚಿಕಿತ್ಸೆಯತ್ತ ಹೋಗಿರಲಿಲ್ಲ. ಅರ್ಧ ಹರಿದವರಿಗೆ ಧೈರ್ಯ ತರಲು ಇಷ್ಟು ಸಾಕು.

ಮೊದಲ ಒಂದೆರಡು ವಾರ ಉರಿಯನ್ನು ತಣಿಸಬೇಕು. ತೋಳಿಗೆ ವಿಶ್ರಾಂತಿ ಎಂದರೆ ಅಲುಗಾಡಿಸದಿರುವುದಲ್ಲ, ಭುಜದ ಮಟ್ಟಕ್ಕಿಂತ ಮೇಲಿನ ಕೆಲಸ ಬಿಡುವುದು. ಅಡುಗೆಮನೆಯ ಮೇಲಿನ ಶೆಲ್ಫಿನ ಕುಕ್ಕರು, ಹಿಟ್ಟಿನ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಳಿಸಿಟ್ಟುಕೊಳ್ಳಬಹುದು. ಅಂಗಿ ತೊಡುವಾಗ ನೋಯುವ ತೋಳನ್ನು ಮೊದಲು ಹಾಕಿ, ಬಿಚ್ಚುವಾಗ ಅದನ್ನು ಕಡೆಗೆ ತೆಗೆದರೆ ಅರ್ಧ ಹಿಂಸೆ ತಪ್ಪುತ್ತದೆ. ರಾತ್ರಿ ಅಂಗಾತ ಮಲಗಿ ಮೊಣಕೈ ಕೆಳಗೊಂದು ದಿಂಬು ಕೊಟ್ಟರೆ ತೋಳು ಹಿಂದಕ್ಕೆ ಜಾರುವುದಿಲ್ಲ. ಎಣ್ಣೆ ಸವರಿ ಮೆಲ್ಲಗೆ ನೀವಿಸಿಕೊಳ್ಳುವುದರಿಂದ ಹಿತವೆನಿಸಬಹುದು, ಹಾನಿಯಿಲ್ಲ. ಜೋರಾಗಿ ತಿರುಚಿ ಲಟಿಕೆ ಮುರಿಸುವುದು, ವಾರಗಟ್ಟಲೆ ಕಟ್ಟು ಕಟ್ಟಿ ಬಿಡುವುದು ಮಾತ್ರ ಬೇಡ.

ಆಮೇಲಿನದು ಮೂರು ತಿಂಗಳ ಬೇಸಾಯ. ಮೊದಲ ಪಾಠ ಕಾಡ್‌ಮನ್ನನ ಹೆಸರಿನಲ್ಲಿ ಇಂದಿಗೂ ಉಳಿದಿರುವ ಲೋಲಕದ ವ್ಯಾಯಾಮ: ಮುಂದಕ್ಕೆ ಬಾಗಿ, ಒಳ್ಳೆಯ ಕೈಯನ್ನು ಮೇಜಿಗೆ ಊರಿ, ನೋಯುವ ತೋಳನ್ನು ಇಳಿಬಿಟ್ಟು ಮೈಯನ್ನು ತೂಗಿಸಿ ತೋಳು ತಾನಾಗಿ ಸುತ್ತುವಂತೆ ಮಾಡುವುದು. ನಂತರ ಎರಡೂ ಕೈಯಲ್ಲಿ ಕೋಲು ಹಿಡಿದು ಒಳ್ಳೆಯ ಕೈಯ ಬಲದಿಂದ ಇನ್ನೊಂದನ್ನು ಎತ್ತುವುದು, ಗೋಡೆಯ ಮೇಲೆ ಬೆರಳುಗಳನ್ನು ಏಣಿ ಹತ್ತಿಸುವುದು. ಚಲನೆ ಮರಳಿದ ಮೇಲೆ ಬಲ. ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟು, ಮೊಣಕೈ ಮಡಚಿ, ಬಾಗಿಲಿನ ಹಿಡಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಹೊರಕ್ಕೆ, ಆಮೇಲೆ ಒಳಕ್ಕೆ ಎಳೆಯುವುದು. ಎರಡು ಹೆಗಲಮೂಳೆಗಳನ್ನೂ ಹಿಂದಕ್ಕೆ ಕೆಳಕ್ಕೆ ಒತ್ತಿ ಹಿಡಿಯುವುದು. ಇದನ್ನು ಮರೆತವರೇ ಹೆಚ್ಚು, ಗುಣವಾಗದೆ ಉಳಿಯುವವರೂ ಹೆಚ್ಚಾಗಿ ಅವರೇ. ಮಾಡುವಾಗ ಸ್ವಲ್ಪ ನೋಯುವುದು ಸಹಜ. ಮರುದಿನ ಬೆಳಗಿನವರೆಗೂ ನೋವು ಉಳಿದರೆ ಅಳತೆ ಮೀರಿತೆಂದು ಅರ್ಥ. ಯೋಗ ಮಾಡುವವರು ಅಧೋಮುಖ ಶ್ವಾನಾಸನ, ಚತುರಂಗ ದಂಡಾಸನಗಳನ್ನು ಈ ಅವಧಿಯಲ್ಲಿ ಬಿಡುವುದು ಲೇಸು. ಮೈಭಾರದ ದೊಡ್ಡ ಪಾಲನ್ನು ಭುಜಕ್ಕೆ ಹೊರಿಸುವ ಭಂಗಿಗಳು ಅವು, ಸೂರ್ಯನಮಸ್ಕಾರದಲ್ಲೂ ಬರುತ್ತವೆ. ಜಿಮ್ಮಿನಲ್ಲಿ ಕತ್ತಿನ ಹಿಂದಿನಿಂದ ಭಾರ ಎತ್ತುವುದಕ್ಕೂ ಇದೇ ಮಾತು. ಆಸ್ಪತ್ರೆಯಲ್ಲಿ ಹತ್ತು ದಿನ ಬಿಸಿ, ಕರೆಂಟು ಕೊಡಿಸಿಕೊಂಡು ಬಂದು ಫಿಸಿಯೋಥೆರಪಿ ಆಯಿತು, ಏನೂ ಪ್ರಯೋಜನವಾಗಲಿಲ್ಲ ಎನ್ನುವವರು ವ್ಯಾಯಾಮವನ್ನು ಇನ್ನೂ ಆರಂಭಿಸಿಯೇ ಇಲ್ಲ.

ನೋವಿನ ಮಾತ್ರೆ ವ್ಯಾಯಾಮ ಮಾಡುವಷ್ಟು ನೋವನ್ನು ತಗ್ಗಿಸಲು ಮಾತ್ರ. ಮೂತ್ರಪಿಂಡ, ರಕ್ತದೊತ್ತಡ, ಹೊಟ್ಟೆಹುಣ್ಣಿನ ತೊಂದರೆ ಇರುವವರು ಅದನ್ನು ಮೆಡಿಕಲ್ ಅಂಗಡಿಯಿಂದ ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವುದು ಅಪಾಯ. ರಾತ್ರಿ ನಿದ್ದೆಗೆಡಿಸುವ ನೋವಿಗೆ ಅಕ್ರೋಮಿಯನ್‌ನ ಕೆಳಗಿನ ಬರ್ಸಾದೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಒಳ್ಳೆಯ ಉಪಶಮನ. ಅದರ ಗುಣ ಕೆಲವು ವಾರ ಉಳಿಯುತ್ತದೆ, ಆ ಬಿಡುವಿನಲ್ಲಿ ವ್ಯಾಯಾಮ ಸಾಗಬೇಕು. ಸೂಜಿ ರಜ್ಜುವಿನೊಳಗೆ ಹೋಗಬಾರದು. ಪದೇ ಪದೇ ಚುಚ್ಚಿಸಿದರೆ ರಜ್ಜು ಇನ್ನೂ ಬಡವಾಗುತ್ತದೆಂಬ ಕಾರಣಕ್ಕೆ ವರ್ಷಕ್ಕೆ ಎರಡು ಮೂರನ್ನು ಮೀರಿಸುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಇಂಜೆಕ್ಷನ್ನಿನ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ರೋಗಿಯದೇ ರಕ್ತ ತೆಗೆದು, ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವ ಪಿಆರ್‌ಪಿ ಈಗ ಊರೂರಿನ ಜಾಹೀರಾತು. ಅಧ್ಯಯನಗಳ ಫಲಿತಾಂಶ ಒಂದೊಂದು ಒಂದೊಂದು ದಿಕ್ಕಿಗಿದೆ. ಅದರ ಬೆಲೆಗೆ ತಕ್ಕ ಭರವಸೆ ಇನ್ನೂ ಹುಟ್ಟಿಲ್ಲ.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಕೆಲವರಿಗೆ ಮಾತ್ರ. ಮೂರರಿಂದ ಆರು ತಿಂಗಳು ನಿಜವಾಗಿ ವ್ಯಾಯಾಮ ಮಾಡಿಯೂ ರಾತ್ರಿಯ ನೋವು ಬಿಡದವರು, ಅರ್ಧ ದಪ್ಪಕ್ಕಿಂತ ಹೆಚ್ಚು ಹರಿದವರು, ಮೇಲ್ಮುಖದಲ್ಲಿ ಆಳವಾಗಿ ಹರಿದವರು ಇವರ ಸಾಲಿನಲ್ಲಿ ಬರುತ್ತಾರೆ. ಬಿದ್ದೋ ಜಗ್ಗಿಯೋ ಒಮ್ಮೆಲೇ ಬಲ ಕಳೆದುಕೊಂಡವರ ವಿಷಯ ಬೇರೆ. ಅವರು ಮೂರು ತಿಂಗಳು ಕಾಯಬಾರದು, ಬೇಗನೆ ಮೂಳೆ ವೈದ್ಯರನ್ನು ಕಾಣಬೇಕು. ಸ್ಕ್ಯಾನಿನಲ್ಲಿ ಅರೆಹರುಕು ಎಂದು ಕಂಡದ್ದು ಪೂರ್ತಿ ಹರುಕೂ ಆಗಿರಬಹುದು, ಹಾಗಿದ್ದಲ್ಲಿ ತಡವಾದಷ್ಟೂ ಸ್ನಾಯು ಹಿಂದಕ್ಕೆ ಸರಿದು ಕೊಬ್ಬುಗಟ್ಟುತ್ತದೆ.

ಶಸ್ತ್ರಚಿಕಿತ್ಸೆ ಈಗ ಕೀಹೋಲ್ ವಿಧಾನದ್ದು. ಬೆರಳಗಲಕ್ಕೂ ಕಡಿಮೆಯ ಮೂರು ನಾಲ್ಕು ತೂತುಗಳ ಮೂಲಕ ಕ್ಯಾಮೆರಾ, ಉಪಕರಣ ಇಳಿಸುತ್ತಾರೆ. ಹರುಕು ಅರ್ಧಕ್ಕಿಂತ ಕಡಿಮೆಯಿದ್ದರೆ ಕಿತ್ತ ಎಳೆಗಳನ್ನು ಒಪ್ಪಗೊಳಿಸಿ ಬಿಡುವುದೇ ಸಾಮಾನ್ಯ. ಅರ್ಧ ಮೀರಿದ್ದರೆ ಎರಡು ದಾರಿ: ಉಳಿದಿರುವ ಎಳೆಗಳನ್ನು ಹಾಗೇ ಬಿಟ್ಟು ಅವುಗಳ ಮೂಲಕ ಮೂಳೆಗೆ ಆಂಕರ್ ಎಂಬ ಸಣ್ಣ ಮೊಳೆ ಕೂರಿಸಿ ಹರಿದ ಭಾಗವನ್ನು ದಾರದಿಂದ ಬಿಗಿಯುವುದು ಒಂದು. ಉಳಿದದ್ದನ್ನೂ ಬಿಡಿಸಿ ಪೂರ್ತಿ ಹರುಕಾಗಿಸಿ ಹೊಸದಾಗಿ ಹೊಲಿಯುವುದು ಇನ್ನೊಂದು. ಇರುವುದನ್ನು ಹರಿದು ಹೊಲಿಯುವುದು ಹುಚ್ಚೆನಿಸಬಹುದು, ಆದರೆ ಸವೆದ ಬಟ್ಟೆಯ ಅಂಚನ್ನು ಕತ್ತರಿಸಿ ಗಟ್ಟಿ ಭಾಗಕ್ಕೆ ಹೊಲಿಗೆ ಹಾಕುವ ದರ್ಜಿಗೆ ಇದರ ತರ್ಕ ಗೊತ್ತು. ಎರಡರ ಫಲಿತಾಂಶದಲ್ಲೂ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಶಸ್ತ್ರವೈದ್ಯರ ಕೈಗೆ ಪಳಗಿದ ದಾರಿಯೇ ಒಳ್ಳೆಯ ದಾರಿ.

ನೀರ್ ಹೇಳಿಕೊಟ್ಟ ಸೂರು ಕೆತ್ತುವ ಶಸ್ತ್ರಚಿಕಿತ್ಸೆಯ ಗತಿ ಏನಾಯಿತು ಎಂಬುದನ್ನು ಹೇಳದಿದ್ದರೆ ಲೆಕ್ಕ ಚುಕ್ತಾ ಆಗುವುದಿಲ್ಲ. 2018ರಲ್ಲಿ ಎರಡು ದೊಡ್ಡ ಪ್ರಯೋಗಗಳು ಪ್ರಕಟವಾದವು, ಒಂದು ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳ ಮೇಲೆ, ಇನ್ನೊಂದು ಫಿನ್ಲೆಂಡಿನಲ್ಲಿ. ಭುಜ ನೋವಿನ ರೋಗಿಗಳಲ್ಲಿ ಕೆಲವರಿಗೆ ಸೂರು ಕೆತ್ತಿದರು, ಕೆಲವರಿಗೆ ಕ್ಯಾಮೆರಾ ಇಳಿಸಿ ನೋಡಿ ಏನೂ ಮಾಡದೆ ಮುಚ್ಚಿದರು, ಯಾರಿಗೆ ಏನು ಮಾಡಿದ್ದೆಂದು ಹೇಳಲಿಲ್ಲ. ಎರಡೂ ಗುಂಪಿನ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಇಂದಿಗೂ ಯಾರಾದರೂ ಸೂರು ಕೆತ್ತುವುದನ್ನಷ್ಟೇ ಅರೆಹರುಕಿನ ಮದ್ದೆಂದು ಸೂಚಿಸಿದರೆ ಏಕೆ ಎಂದು ಕೇಳುವ ಹಕ್ಕು ರೋಗಿಗಿದೆ.

ಹೊಲಿಗೆ ಹಾಕಿಸಿಕೊಂಡ ಭುಜಕ್ಕೆ ನಾಲ್ಕರಿಂದ ಆರು ವಾರ ತೋಳುಜೋಲಿ. ಆಗ ಬೆರಳು, ಮಣಿಕಟ್ಟು, ಮೊಣಕೈ ಆಡಿಸಬೇಕು, ಭುಜವನ್ನು ಫಿಸಿಯೋಥೆರಪಿಸ್ಟ್ ಮಾತ್ರ ಆಡಿಸುತ್ತಾರೆ. ಆರು ವಾರದ ಮೇಲೆ ತೋಳು ತಾನೇ ಎತ್ತಲು ಆರಂಭ, ಮೂರು ತಿಂಗಳ ಮೇಲೆ ಬಲದ ವ್ಯಾಯಾಮ. ಎಳೆ ಒಪ್ಪ ಮಾಡಿದ್ದಷ್ಟೇ ಆದರೆ ಚೇತರಿಕೆ ಇದಕ್ಕಿಂತ ಬಹಳ ಬೇಗ. ಹೊಲಿದ ಭುಜಗಳಲ್ಲಿ ಹೆಚ್ಚಾಗಿ ಕಾಣುವ ತೊಡಕು ಸೆಡೆತ, ಅದು ತಿಂಗಳುಗಳಲ್ಲಿ ಸಡಿಲುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ, ಧೂಮಪಾನ ಬಿಡದವರಲ್ಲಿ ಹೊಲಿಗೆ ಕೂಡಿಕೊಳ್ಳುವುದು ನಿಧಾನ. ಮೇಜಿನ ಕೆಲಸದವರು ಕೆಲವೇ ವಾರಗಳಲ್ಲಿ ಕಚೇರಿಗೆ ಮರಳಬಹುದು. ಭಾರ ಎತ್ತುವ, ತೋಳೆತ್ತಿ ದುಡಿಯುವ ಕೆಲಸಕ್ಕೆ ಆರು ತಿಂಗಳು ಬೇಕು. ಫೆಬ್ರವರಿಯಲ್ಲಿ ಕೊನೆ ಕೊಯ್ಲು ಮುಗಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಡಿಕೆ ಬೆಳೆಗಾರರ ಭುಜ ಜೂನ್ ಹೊತ್ತಿನ ಮೊದಲ ಮದ್ದು ಸಿಂಪಡಣೆಗೆ ಸಿದ್ಧವಾಗಿರುವುದಿಲ್ಲ. ಆ ಮಳೆಗಾಲದ ದೋಟಿಯನ್ನು ಬೇರೆಯವರೇ ಹಿಡಿಯಬೇಕು.